ಸೇಬಿನ ಮರದ ಘಟಸರ್ಪ

ಸ್ಪೇನಿನ ಅತಿವಾಸ್ತವವಾದಿ ಕಲಾವಿದ ಸಾಲ್ವಡಾರ್ ಡಾಲಿ 1969ರಲ್ಲಿ ಹಣ್ಣುಗಳ ಅಚ್ಚುಚಿತ್ರಮಾಲೆಯೊಂದನ್ನು ರಚಿಸಿದ. ಅದಕ್ಕೆ ಆಧಾರ, ಸಸ್ಯಶಾಸ್ತ್ರದ ಹಳೆಯ ಹಣ್ಣಿನ ಚಿತ್ರಗಳು. ಲೋಹದ ತಗಡನ್ನು ಸೂಜಿಯಿಂದ ಗೀರಿ, ಗೀರಿಗೆ ಮಸಿ ತುಂಬಿ, ಆ ಚಿತ್ರಗಳ ಮೇಲೆ ತನ್ನ ರೇಖೆಗಳನ್ನು ಒತ್ತಿದ. ಪ್ಲಮ್ ಹಣ್ಣು ಓಟ ಕಿತ್ತಿತು. ಪೇರ್ ಹಣ್ಣು ಡಾನ್ ಕ್ವಿಕ್ಸೋಟ್ ಆಯಿತು. ಸೇಬು ಡ್ರ್ಯಾಗನ್ ಆಯಿತು.

ಸೇಬಿಗೂ ಡ್ರ್ಯಾಗನ್‌ಗೂ ಇರುವ ನಂಟು ಬರಿಯ ಹುಚ್ಚಾಟವಲ್ಲ. ಗ್ರೀಕ್ ಪುರಾಣದ ಹೆಸ್ಪೆರಿಡೀಸ್ ತೋಟದಲ್ಲಿ ಚಿನ್ನದ ಸೇಬುಗಳಿಗೆ ಲಾಡೊನ್ ಎಂಬ ಘಟಸರ್ಪವೇ ಕಾವಲು. ಹಣ್ಣು ಆಸೆ, ಸರ್ಪ ಅದರ ಭಯ. ಪುರಾಣದಲ್ಲಿ ಇವೆರಡೂ ಬೇರೆ ಬೇರೆ. ಡಾಲಿಯಲ್ಲಿ ಒಂದೇ ಕೊಂಬೆಯ ಫಲ. ಫ್ರಾಯ್ಡ್‌ನನ್ನು ಓದಿಕೊಂಡಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಡಾಲಿಯ ಸ್ವಂತ ತೋಟಕ್ಕೇ ಕಾವಲಿರಲಿಲ್ಲ. ಖಾಲಿ ಹಾಳೆಗಳಿಗೆ ಸಹಿ ಹಾಕಿ ಹಣ ಪಡೆಯುವ ಚಾಳಿ ಆತನಿಗಿತ್ತು. 1974ರಲ್ಲಿ ಫ್ರಾನ್ಸಿನ ಸುಂಕದ ಅಧಿಕಾರಿಗಳು ತಡೆದ ಟ್ರಕ್ಕೊಂದರಲ್ಲಿ ಇಂಥ ಸುಮಾರು 40,000 ಹಾಳೆಗಳಿದ್ದವು. ಅವುಗಳ ಮೇಲೆ ಯಾರು ಏನನ್ನು ಅಚ್ಚೊತ್ತಿದರೂ ಅದು ಡಾಲಿಯದೇ! ಹೀಗಾಗಿ ಆತನ ಕೊನೆಯ ದಶಕಗಳ ಅಚ್ಚುಚಿತ್ರ ಕೊಳ್ಳುವ ಜಾಣರು ಇಂದಿಗೂ ಸಹಿಯನ್ನು ನಂಬುವುದಿಲ್ಲ. ಕಾಗದವನ್ನೇ ಬೆಳಕಿಗೆ ಹಿಡಿದು, ತಯಾರಕರ ಒಳಗುರುತು ಯಾವ ಕಾಲದ್ದೆಂದು ನೋಡುತ್ತಾರೆ.