ದಂತಕಾಷ್ಠ ವಿಚಾರ

ದಾವಣಗೆರೆಗೂ ಹರಿಹರಕ್ಕೂ ನಡುವಣ ಬಾತಿಯ ಸೀಮೆಯಲ್ಲಿ ಬೇವು, ಹೊಂಗೆ ಎರಡೂ ಸುಪರಿಚಿತ ವೃಕ್ಷಗಳು. ಆದರೂ ಹಲ್ಲುಜ್ಜುವ ಕಡ್ಡಿಯೆಂದೊಡನೆ ಜನರಿಗೆ ನೆನಪಾಗುವುದು ಬೇವು. ಪ್ರಾಚೀನ ವೈದ್ಯಶಾಸ್ತ್ರಕಾರರೆಲ್ಲರೂ ಬೇವಿಗೇ ಅಗ್ರಸ್ಥಾನವನ್ನಿತ್ತರೆಂದು ಹೇಳುವುದೂ ಉಂಟು. ಮೂಲಗ್ರಂಥಗಳನ್ನು ಹೋಲಿಸಿ ನೋಡಿದರೆ ಈ ಮಾತು ನಿಲ್ಲದು.

ಚರಕಸಂಹಿತೆಯ ಸೂತ್ರಸ್ಥಾನದ ೫ನೆಯ ಅಧ್ಯಾಯದಲ್ಲಿ ದಂತಧಾವನಕ್ಕೆ ಕರಂಜ, ಕರವೀರ, ಅರ್ಕ, ಮಾಲತೀ, ಕಕುಭ, ಅಸನಗಳು ಉಕ್ತವಾಗಿವೆ, ನಿಂಬದ ಹೆಸರಿಲ್ಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ೨ನೆಯ ಅಧ್ಯಾಯವು ಅರ್ಕ, ನ್ಯಗ್ರೋಧ, ಖದಿರ, ಕರಂಜ, ಕಕುಭಗಳನ್ನು ಹೇಳುತ್ತದೆ, ಅಲ್ಲಿಯೂ ನಿಂಬವಿಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯದಲ್ಲಿ ರಸಾನುಸಾರವಾಗಿ ವಿಂಗಡಣೆಯಿದೆ: ಕಹಿಯವುಗಳಲ್ಲಿ ನಿಂಬ, ಒಗರಿನವುಗಳಲ್ಲಿ ಖದಿರ, ಸಿಹಿಯವುಗಳಲ್ಲಿ ಮಧೂಕ, ಖಾರದವುಗಳಲ್ಲಿ ಕರಂಜ ಶ್ರೇಷ್ಠವೆಂದು. ಮೂರು ಗ್ರಂಥಗಳಲ್ಲಿಯೂ ಸಮಾನವಾಗಿ ಕಾಣುವ ಹೆಸರು ಕರಂಜವೊಂದೇ. ಅದು ಕನ್ನಡದ ಹೊಂಗೆ.

ಇಷ್ಟರಿಂದಲೇ ಚರಕವಾಗ್ಭಟರಿಗೆ ಬೇವು ಅಸಮ್ಮತವೆಂದು ನಿರ್ಣಯಿಸಲಾಗದು. ಇಂತಹ ಇತರ ವೃಕ್ಷಗಳೂ ಗ್ರಾಹ್ಯವೆಂಬ ಅವಕಾಶ ಈರ್ವರ ಮಾತಿನಲ್ಲಿಯೂ ಇದೆ; ಕಡ್ಡಿಯು ಕಟು, ತಿಕ್ತ, ಕಷಾಯ ರಸಗಳುಳ್ಳದ್ದಾಗಿರಬೇಕೆಂಬುದೂ ಈರ್ವರಿಗೂ ಸಮ್ಮತ. ಆದುದರಿಂದ ಶಾಸ್ತ್ರಕಾರರ ದೃಷ್ಟಿಯಲ್ಲಿ ಮುಖ್ಯವಾದುದು ವೃಕ್ಷದ ಹೆಸರಲ್ಲ, ರಸ. ಬೇವು ಪ್ರವೇಶಿಸುವುದು ಈ ದ್ವಾರದಿಂದಲೇ. ಕಡ್ಡಿಯು ೧೨ ಅಂಗುಲ ಉದ್ದವೂ ಕಿರುಬೆರಳಿನಷ್ಟು ದಪ್ಪವೂ ಇರಬೇಕು. ಅಜೀರ್ಣ, ವಾಂತಿ, ಶ್ವಾಸ, ಕಾಸ, ಜ್ವರ, ಬಾಯಿಹುಣ್ಣು ಮುಂತಾದುವುಗಳಿಂದ ಪೀಡಿತರು ದಂತಕಾಷ್ಠವನ್ನು ಬಳಸಬಾರದೆಂದು ವಾಗ್ಭಟನು ನಿಷೇಧಿಸಿದ್ದಾನೆ. ದಂತಕಾಷ್ಠವನ್ನು ಹೊಗಳುವವರು ಈ ನಿಷೇಧವನ್ನು ಮರೆಯುವುದೇ ಹೆಚ್ಚು.

ರಸವಿವೇಚನೆಯನ್ನೇ ಕ್ರಿಮಿವಿಜ್ಞಾನವೆಂದು ವ್ಯಾಖ್ಯಾನಿಸುವುದು ಯುಕ್ತವಲ್ಲ. ದಂತಮಲದಲ್ಲಿ ಸೂಕ್ಷ್ಮಜೀವಿಗಳನ್ನು ಕಂಡು ಹಾಲೆಂಡಿನ ಲೇವನ್‌ಹುಕ್ ಎಂಬಾತನು ವರದಿ ಮಾಡಿದುದು ೧೬೮೩ರಲ್ಲಿ. ಅವು ಹುಟ್ಟಿಸುವ ಆಮ್ಲವೇ ಹಲ್ಲನ್ನು ಕೊರೆಯುವುದೆಂದು ೧೮೯೦ರ ಗ್ರಂಥದಲ್ಲಿ ಮಿಲ್ಲರನು ವಿವರಿಸಿದನು. ಹುಳುಕಿಗೆ ಪ್ರಧಾನಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ೧೯೨೪ರಲ್ಲಿ ಕ್ಲಾರ್ಕನಿಂದ ವರ್ಣಿತವಾಯಿತು. ಸಂಹಿತಾಕಾರರಿಗೆ ಗೋಚರವಾಗಿದ್ದುದು ದುರ್ಗಂಧ, ಮಲ, ಅರುಚಿಗಳ ನಿವೃತ್ತಿ. ಅವರ ಗೌರವಕ್ಕೆ ಅಷ್ಟು ಸಾಕು.

ಕರ್ಣಾಟಕದ ಮಣಿಪಾಲದ ವಿದ್ವಾಂಸರು ಬೇವಿನ ಎಲೆಯ ಸಾರದಿಂದ ಲೇಪವನ್ನು ಸಿದ್ಧಪಡಿಸಿ, ಆರು ವಾರಗಳ ಪರೀಕ್ಷೆಯ ಫಲವನ್ನು ೨೦೦೪ರಲ್ಲಿ ಪ್ರಕಟಿಸಿದರು. ದಂತಮಲವೂ ಲಾಲಾರಸದ ಬ್ಯಾಕ್ಟೀರಿಯಗಳೂ ಗಣನೀಯವಾಗಿ ಕಡಿಮೆಯಾದುವು. ಆದರೆ ಪರೀಕ್ಷಿತವಾದುದು ಎಲೆಯ ಸಾರ. ಶಾಸ್ತ್ರೋಕ್ತವಾದುದು ಅಗಿದು ಕುಂಚವಾಗಿಸಿದ ಕಡ್ಡಿ. ಕಡ್ಡಿಯಲ್ಲಿ ಉಜ್ಜುವಿಕೆಯೂ ರಸವೂ ಕೂಡಿಯೇ ಕೆಲಸಮಾಡುತ್ತವೆ. ಸಾರದಲ್ಲಿ ರಸವೊಂದೇ, ಅದೂ ಸಾಂದ್ರವಾಗಿ. ಒಂದರ ಫಲವನ್ನು ಮತ್ತೊಂದಕ್ಕೆ ಆರೋಪಿಸಲಾಗದು. ಚರಕನ ಪಟ್ಟಿಯಲ್ಲಿರುವ ಕರವೀರ, ಅರ್ಕಗಳು, ಎಂದರೆ ಕಣಗಿಲೆ, ಎಕ್ಕಗಳು, ವಿಷವೃಕ್ಷಗಳು. ಗ್ರಂಥಪ್ರಾಮಾಣ್ಯವೊಂದನ್ನೇ ನಂಬಿ ಅವುಗಳ ಸಾರವನ್ನು ಬಾಯಿಗಿಡುವುದು ಅಪಾಯಕರ.

ಬೇವಿನ ಗುಣವು ಇದರಿಂದ ಕುಂದುವುದಿಲ್ಲ. ಗ್ರಂಥಗಳು ಹೇಳಿದುದೆಷ್ಟು, ಪ್ರಯೋಗವು ತೋರಿಸಿದುದೆಷ್ಟು ಎಂಬುದನ್ನು ಬೇರೆಬೇರೆಯಾಗಿ ಅರಿತು ಪಾಠಹೇಳುವುದು ಅಧ್ಯಾಪಕರಿಗೆ ಉಚಿತ. ಮೂರು ಸಂಹಿತೆಗಳ ಸಮ್ಮತಿಯನ್ನು ಪಡೆದ ಹೊಂಗೆಯ ಪರೀಕ್ಷೆಗೂ ಬೇವಿನಷ್ಟೇ ಗಮನ ಸಲ್ಲಬೇಕು.