ಬಸಿರು ಇಳಿಸಿದ ಸೂಜಿ, ಬಸಿರು ನಿಲ್ಲಿಸುವ ಸೂಜಿ

ಐದನೇ ಶತಮಾನದ ಚೀನಾದಲ್ಲಿ, ಲಿಯು ಸಾಂಗ್ ಮನೆತನದ ಒಬ್ಬ ಪುಂಡ ಹುಡುಗ ಅರಸನಾಗಿದ್ದ. 477ರಲ್ಲಿ ಕೊಲೆಯಾದಾಗ ಅವನಿಗಿನ್ನೂ ಮೀಸೆ ಚಿಗುರುವ ವಯಸ್ಸು. ಒಮ್ಮೆ ತಿರುಗಾಟದಲ್ಲಿ ಬಸುರಿಯೊಬ್ಬಳು ಎದುರಾದಳು. ವೈದ್ಯದ ಹುಚ್ಚಿದ್ದ ಅರಸ ಅವಳನ್ನು ಪರೀಕ್ಷಿಸಿ ಹೆಣ್ಣು ಎಂದ. ಜೊತೆಗಿದ್ದ ವೈದ್ಯ ಶು ವೆನ್‌ಬೋ, ಅವಳಿ, ಒಂದು ಗಂಡು ಒಂದು ಹೆಣ್ಣು ಎಂದ. ಹಾಗಾದರೆ ಹೊಟ್ಟೆ ಸೀಳಿ ನೋಡಿಯೇ ಬಿಡೋಣ ಎಂದು ಅರಸ ಹೊರಟ. ಕತ್ತಿ ಬೇಡ, ಸೂಜಿ ಸಾಕು ಎಂದು ವೈದ್ಯ ಕೈಗೂ ಕಾಲಿಗೂ ಚುಚ್ಚಿದ. ಬಸಿರು ಇಳಿಯಿತು, ವೈದ್ಯನ ಮಾತು ನಿಜವಾಯಿತು.

‘ನಾನ್ ಶಿ’ ಎಂಬ ರಾಜವಂಶಗಳ ಇತಿಹಾಸದಲ್ಲಿ ಬರುವ ಕಥೆ ಇದು. ನಾನು ಹೆರಿಗೆ ಡಾಕ್ಟರು, ಎರಡು ಸೂಜಿಗೆ ಬಸಿರು ಇಳಿಯುತ್ತದೆಂದು ನಂಬಲಾರೆ. ಚೀನೀ ವೈದ್ಯರು ಮಾತ್ರ ನಂಬಿದರು. ಹೆಬ್ಬೆರಳು, ತೋರುಬೆರಳಿನ ನಡುವಿನ ‘ಹೆಗು’, ಒಳಮಗ್ಗುಲ ಕಾಲ್ಗಂಟಿನಿಂದ ನಾಲ್ಕು ಬೆರಳು ಮೇಲಿನ ‘ಸಾನ್‌ಯಿನ್‌ಜಿಯಾವ್’: ಬಸುರಿಯರಿಗೆ ಈ ಎರಡು ಜಾಗ ಮುಟ್ಟಬೇಡಿ ಎಂಬುದು ಅವರ ವಿದ್ಯೆಯ ಕಟ್ಟಳೆಯಾಯಿತು.

ವಿಜಯಪುರದ ನನ್ನ ಆಸ್ಪತ್ರೆಗೆ ಮಕ್ಕಳಾಗದ ಹೆಣ್ಣುಮಕ್ಕಳು ಫೋನಿನಲ್ಲಿ ವಿಡಿಯೊ ಹಿಡಿದು ಬರುತ್ತಾರೆ. “ಮೇಡಂರಿ, ಸಾವಿರಾರು ವರ್ಷದ ವಿದ್ಯಾ ಅಂತ್ರಿ, ಸೂಜಿ ಚುಚ್ಚಿಸ್ಕೊಂಡ್ರ ಐವಿಎಫ್ ಹಿಡೀತದ ಅಂತ.” ಈ ಸೂಜಿವಿದ್ಯೆ, ಅಕ್ಯುಪಂಕ್ಚರ್, ಹಳೆಯದು ನಿಜ. ಐವಿಎಫ್‌ಗೆ, ಅಂದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಬಿಡುವ ಚಿಕಿತ್ಸೆಗೆ, ಅದನ್ನು ಗಂಟು ಹಾಕಿದ್ದು ಮಾತ್ರ ನಿನ್ನೆ ಮೊನ್ನೆ.

ಮೂರನೇ ಶತಮಾನದ ಹುವಾಂಗ್‌ಫು ಮಿ ತಾನೇ ವಾತದಿಂದ ಬಳಲಿ, ಆ ನೆಪದಲ್ಲಿ ಸೂಜಿವಿದ್ಯೆ ಓದಿದವನು. ಚದುರಿ ಹೋಗಿದ್ದ ಹಳೆಯ ಗ್ರಂಥಗಳನ್ನು ಹನ್ನೆರಡು ಸುರುಳಿಗಳಿಗೆ ಹೊಂದಿಸಿದ. ಹೆಂಗಸರ ಕಾಯಿಲೆಗೆ ಜಾಗ ಸಿಕ್ಕಿದ್ದು ಕೊನೆಯ ಸುರುಳಿಯಲ್ಲಿ, ಮಕ್ಕಳ ಕಾಯಿಲೆಯ ಜೊತೆ. ಒಳಗೆ ರಕ್ತ ಕಟ್ಟಿಕೊಂಡು ಮಕ್ಕಳಾಗದವಳಿಗೆ ‘ಗುವಾನ್‌ಯುವಾನ್’ ಎಂಬ ಜಾಗ ಎನ್ನುತ್ತಾನೆ. ಅದು ಹೊಕ್ಕುಳಿನಿಂದ ಮೂರು ‘ಸುನ್’ ಕೆಳಗೆ. ಒಂದು ಸುನ್ ಎಂದರೆ ಹೆಬ್ಬೆರಳಿನ ಅಗಲ. ಬೆರಳು ವೈದ್ಯನದಲ್ಲ, ರೋಗಿಯದೇ. ಹೊಕ್ಕುಳಿಗೆ ಸೂಜಿ ನಿಷೇಧ, ಅಲ್ಲಿ ಶಾಖ ಮಾತ್ರ. ಶಾಖಕ್ಕೆ ಉರಿಸುತ್ತಿದ್ದುದು ನಮ್ಮ ಮಾಚಿಪತ್ರೆಯ ಕುಲದ್ದೇ ಒಂದು ಗಿಡದ ಒಣಗಿದ ಎಲೆ. ಅಂದರೆ ಸೂಜಿಯ ಕೆಲಸ ನಿಂತ ಮುಟ್ಟನ್ನು ಹರಿಸುವುದು, ಶಾಖದ ಕೆಲಸ ತಣ್ಣಗಾದ ಹೊಟ್ಟೆಯನ್ನು ಬೆಚ್ಚಗೆ ಮಾಡುವುದು. ಬಸಿರು ನಿಂತಿತೋ, ಸೂಜಿ ಹಿಡಿದವನು ಹುಷಾರಾಗಬೇಕು.

1027ರಲ್ಲಿ ಸಾಂಗ್ ಚಕ್ರವರ್ತಿಯ ಅಪ್ಪಣೆಯಂತೆ ವಾಂಗ್ ವೇಯಿಯಿ ಎರಡು ಕಂಚಿನ ಆಳುಗಳನ್ನು ಎರಕ ಹೊಯ್ಯಿಸಿದ. ಮೈತುಂಬ ತೂತು, ಮೇಲೆ ಮೇಣ, ಒಳಗೆ ನೀರು. ವಿದ್ಯಾರ್ಥಿ ಸರಿಯಾದ ಜಾಗಕ್ಕೆ ಚುಚ್ಚಿದರೆ ನೀರು ಬರುತ್ತಿತ್ತಂತೆ. ನಮ್ಮ ಕಾಲದ ವೈವಾಗಿಂತ ಎಷ್ಟೋ ನ್ಯಾಯವಾದ ಪರೀಕ್ಷೆ! ಇಷ್ಟು ಮೆರೆದ ವಿದ್ಯೆಯನ್ನೇ 1822ರಲ್ಲಿ ದಾವ್‌ಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಾಲಯದಿಂದ ಹೊರಹಾಕಿಸಿದ.

ಭಾರತಕ್ಕೆ ಇದನ್ನು ತಂದವರು ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು. ನಮ್ಮ ಪಕ್ಕದ ಸೋಲಾಪುರದ ಕೋಟ್ನಿಸ್ ಅದೇ ತಂಡದವರು, ಅಲ್ಲಿಯೇ ತೀರಿಕೊಂಡರು. ಬಸು 1950ರ ದಶಕದ ಕೊನೆಗೆ ಮತ್ತೆ ಹೋಗಿ ಕಲಿತು ಬಂದು ಕಲ್ಕತ್ತಾದಲ್ಲಿ ಶುರುಮಾಡಿದರು.

ಇನ್ನು ಐವಿಎಫ್. 2002ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಪೌಲುಸ್ ಮತ್ತು ಸಂಗಡಿಗರು 160 ಹೆಂಗಸರ ವರದಿ ಪ್ರಕಟಿಸಿದರು. ಅರ್ಧ ಜನಕ್ಕೆ ಭ್ರೂಣ ಒಳಗೆ ಬಿಡುವ ಮುಂಚೆ 25 ನಿಮಿಷ, ಆಮೇಲೆ 25 ನಿಮಿಷ ಸೂಜಿ. ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 42.5, ಉಳಿದವರಲ್ಲಿ 26.3 ಬಸಿರು ನಿಂತವು. ಊರೂರಿನ ಐವಿಎಫ್ ಸೆಂಟರುಗಳ ಪಕ್ಕ ಸೂಜಿಯ ಕೋಣೆ ಎದ್ದದ್ದು ಇದರ ಬಲದ ಮೇಲೆ. ಭ್ರೂಣ ಬಿಟ್ಟ ಮೇಲೆ ಪೌಲುಸ್ ಚುಚ್ಚಿದ ಜಾಗಗಳ ಪಟ್ಟಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಹೆಗು, ಸಾನ್‌ಯಿನ್‌ಜಿಯಾವ್ ಎರಡೂ ಅದರಲ್ಲಿವೆ. ಹಳಬರು ಬಸಿರಿಗೆ ಕುತ್ತು ಎಂದ ಜಾಗಗಳನ್ನೇ ಚುಚ್ಚಿ, ಬಸಿರು ನಿಲ್ಲುತ್ತದೆಂದು ಹಳಬರ ಹೆಸರಲ್ಲೇ ಹೇಳುವುದು! ಕುತ್ತೂ ಬರಲಿಲ್ಲ ಅನ್ನುವುದು ಬೇರೆ ಮಾತು.

ಪೌಲುಸ್ ಪ್ರಯೋಗದಲ್ಲಿ ಸುಳ್ಳು ಸೂಜಿ ಇರಲಿಲ್ಲ. ನಾಟಕದ ಚೂರಿಯಂತೆ, ಒತ್ತಿದರೆ ಹಿಡಿಯೊಳಗೆ ಸರಿಯುವ ಮೊಂಡು ಸೂಜಿ ಅದು. 2009ರಲ್ಲಿ ಹಾಂಗ್‌ಕಾಂಗ್‌ನವರು 370 ಹೆಂಗಸರ ಪ್ರಯೋಗದಲ್ಲಿ ಅದನ್ನು ಬಳಸಿದರು. ಒಟ್ಟು ಬಸಿರಿನ ಲೆಕ್ಕದಲ್ಲಿ ನಿಜ ಸೂಜಿಗೆ ನೂರಕ್ಕೆ 43.8, ಸುಳ್ಳು ಸೂಜಿಗೆ 55.1! 2018ರಲ್ಲಿ ಕ್ಯಾರೊಲಿನ್ ಸ್ಮಿತ್ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 848 ಹೆಂಗಸರಲ್ಲಿ ಹುಟ್ಟಿದ ಕೂಸುಗಳನ್ನೇ ಎಣಿಸಿತು. ನಿಜಕ್ಕೆ ನೂರಕ್ಕೆ 18.3, ಸುಳ್ಳಿಗೆ 17.8. ವ್ಯತ್ಯಾಸವೆಂದು ಹೇಳುವಷ್ಟಿಲ್ಲ.

ಆದರೂ ಸೂಜಿ ಕೋಣೆಗೆ ಹೋಗಿ ಬಂದವರು ಬೈಯುವುದನ್ನು ನಾನು ಕೇಳಿಲ್ಲ. ಅಲ್ಲಿ ದೀಪ ಸಣ್ಣದು ಮಾಡಿ ಮಲಗಿಸುತ್ತಾರಂತೆ, “ಏನಾರ ವಿಶೇಷ ಅದ ಏನವಾ?” ಎಂದು ಕೇಳುವ ಅತ್ತೆ ಅಲ್ಲಿಲ್ಲ. ಹಾಗಾಗಿ ನಾನು ತಡೆಯುವುದಿಲ್ಲ. “ಮನಸಿಗಿ ಹಗುರ ಅನಸ್ತದಂದ್ರ ಹೋಗವಾ. ಒಬ್ಬೊಬ್ಬರಿಗಿ ಹೊಸಾ ಸೂಜಿ ಒಡೀತಾರೇನು ನೋಡು. ಸೂಜಿ ಮುಗೀಲಿ ಅಂತ ಐವಿಎಫ್ ತಾರೀಖು ಮಾತ್ರ ಮುಂದ ಹಾಕಬ್ಯಾಡ, ನಿನಗ ಮೂವತ್ತೆಂಟು ನಡದದ.”