ಚಿಂಚೋಳಿ ಅರಣ್ಯದ ತಾಂಡಾಗಳು: ಬದುಕು, ಭೂಮಿ ಮತ್ತು ಮೌಖಿಕ ಸಾಕ್ಷ್ಯ

ಸೇಡಂ ತಾಲೂಕಿನ ಆಡಕಿ, ಮಳಖೇಡ ಹಾಗೂ ನೆರೆಯ ಚಿತ್ತಾಪುರ, ವಾಡಿ, ಶಹಾಬಾದ ಪ್ರದೇಶಗಳಲ್ಲಿ ಭೂಮಿಯ ಬೆಲೆ ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ: ಮೇಲಿನ ಎರೆಮಣ್ಣಿನಲ್ಲಿ ಬೆಳೆಯುವ ತೊಗರಿ ಮತ್ತು ಕೆಳಗಿನ ಸುಣ್ಣಕಲ್ಲು. ಶಹಾಬಾದದ ಹಾಸುಗಲ್ಲಿನ ಗಣಿಗಳಿಂದ ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳವರೆಗೆ ಎಲ್ಲವೂ ಈ ನೆಲವನ್ನು ಅವಲಂಬಿಸಿವೆ. ಇಲ್ಲಿ ಪಹಣಿಯಲ್ಲಿ ಹೆಸರಿದ್ದವನು ಮಾರಬಲ್ಲ, ಅಡವಿಡಬಲ್ಲ, ಮಕ್ಕಳಿಗೆ ಹಂಚಬಲ್ಲ. ಉತ್ತರಕ್ಕೆ ಸಾಗಿ ಚಿಂಚೋಳಿ ತಾಲೂಕಿನ ಅರಣ್ಯವನ್ನು ಪ್ರವೇಶಿಸಿದೊಡನೆ ಈ ಲೆಕ್ಕಾಚಾರವೇ ಬದಲಾಗುತ್ತದೆ. ತಲೆಮಾರುಗಳಿಂದ ಉತ್ತ ಹೊಲವಿದ್ದರೂ ಅದು ಯಾರದೆಂದು ಹೇಳುವ ಕಾಗದ ಅಲ್ಲಿನ ಅನೇಕ ಲಂಬಾಣಿ ಕುಟುಂಬಗಳಲ್ಲಿಲ್ಲ. ಈ ಅಭಾವದ ಚಾರಿತ್ರಿಕ ಕಾರಣಗಳನ್ನೂ ಅದನ್ನು ತುಂಬಬಲ್ಲ ಮೌಖಿಕ ಸಾಕ್ಷ್ಯದ ಸ್ವರೂಪವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅರಣ್ಯವಾಸಿಗಳ ಭೂಹಕ್ಕಿನ ಚರ್ಚೆ ಕರ್ನಾಟಕದಲ್ಲಿ ಬಹುಮಟ್ಟಿಗೆ ಪಶ್ಚಿಮಘಟ್ಟದ ಮಳೆಕಾಡುಗಳನ್ನು ಕುರಿತದ್ದಾಗಿದೆ. ಅಲ್ಲಿ ಸೊಪ್ಪಿನಬೆಟ್ಟ, ಕುಮ್ಕಿ, ಬಾಣೆ ಮೊದಲಾದ ಸವಲತ್ತುಗಳು ವಸಾಹತು ಆಡಳಿತದ ಕಾಲದಿಂದಲೇ ಕಂದಾಯ ದಾಖಲೆಗಳನ್ನು ಸೇರಿವೆ. ಚಿಂಚೋಳಿಯದು ಮಳೆಕಾಡಲ್ಲ; ಬೇಸಿಗೆಯಲ್ಲಿ ಎಲೆಯುದುರಿಸುವ, ಬಯಲುಸೀಮೆಯ ನಡುವೆ ಉಳಿದಿರುವ ಒಣಕಾಡು. ಮಳೆಗಾಲದ ನೀರು ಚಂದ್ರಂಪಳ್ಳಿಯಂಥ ಜಲಾಶಯಗಳಲ್ಲಿ ನಿಲ್ಲುತ್ತದೆ. ತೋಳ, ಕತ್ತೆಕಿರುಬ, ಕೊಂಡುಕುರಿಗಳಿಗೆ ಇದು ನೆಲೆ. ಮಲೆನಾಡಿನ ಕೃಷಿಕನಿಗೆ ದೊರೆತಂಥ ದಾಖಲಿತ ಸವಲತ್ತಿನ ಪರಂಪರೆ ಈ ಕಾಡಿನ ತಾಂಡಾಗಳಿಗೆ ಇರಲಿಲ್ಲ ಎಂಬುದು ಗಮನಾರ್ಹ.

ಇದಕ್ಕೆ ಕಾರಣ ಲಂಬಾಣಿ ಸಮುದಾಯದ ಚರಿತ್ರೆಯಲ್ಲಿದೆ. ದಖ್ಖನ್ನಿನಲ್ಲಿ ಶತಮಾನಗಳ ಕಾಲ ಇವರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸಂತೆಗಳಿಗೂ ಸೈನ್ಯಗಳಿಗೂ ಸರಬರಾಜು ಮಾಡಿದವರು. ಮೊಗಲ್ ಸೇನಾನಿ ಆಸಫ್ ಖಾನನು ಭಂಗಿ ಮತ್ತು ಜಂಗಿ ಎಂಬ ನಾಯಕರಿಗೆ ತಾಮ್ರಪಟವೊಂದನ್ನು ನೀಡಿದನೆಂಬ ಐತಿಹ್ಯ ಸಮುದಾಯದಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ದತ್ತವಾದುದು ನೀರು ಮತ್ತು ಹುಲ್ಲನ್ನು ಬಳಸುವ ಅನುಮತಿಯೇ ಹೊರತು ಭೂಮಿಯಲ್ಲ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಅದು ಒಂದು ಬದುಕಿನ ಕ್ರಮವನ್ನು ಸೂಚಿಸುತ್ತದೆ. ಎತ್ತುಗಳೇ ಆಸ್ತಿಯಾಗಿದ್ದ ಜನರಿಗೆ ಬೇಕಾಗಿದ್ದುದು ಮೇವು, ನೀರು ಮತ್ತು ದಾರಿ.

1874ರಲ್ಲಿ ವಾಡಿ–ಸಿಕಂದರಾಬಾದ್ ರೈಲುಮಾರ್ಗ ತೆರೆಯಿತು. ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಹಾದುಹೋದ ಈ ಮಾರ್ಗ ನಿಜಾಂ ಸಂಸ್ಥಾನದ ರಾಜಧಾನಿಯನ್ನು ಮುಂಬಯಿಗೆ ಜೋಡಿಸಿತು. ರೈಲು ಬಂದೆಡೆಯಲ್ಲೆಲ್ಲ ಎತ್ತಿನ ಸಾರಿಗೆ ಕುಗ್ಗಿದ್ದು ದಖ್ಖನ್ನಿನ ಸಾಮಾನ್ಯ ಅನುಭವ. ವೃತ್ತಿ ಕಳೆದುಕೊಂಡವರು ನೆಲೆ ನಿಲ್ಲುವ ಹೊತ್ತಿಗೆ ಎರೆಭೂಮಿಗೆ ಒಡೆಯರಿದ್ದರು. ಉಳಿದದ್ದು ಮೇವು ದೊರೆಯುವ ಕಾಡಂಚು. ನಾಯಕನೊಬ್ಬನು ತನ್ನ ಬಳಗದೊಡನೆ ನಿಂತ ಸ್ಥಳ ಅವನ ಹೆಸರಿನಲ್ಲೇ ತಾಂಡಾ ಎನಿಸಿತು. ನಾಯಕ, ಕಾರಭಾರಿ, ಡಾವರನ್ನೊಳಗೊಂಡ ವ್ಯವಸ್ಥೆ ಒಳಗಿನ ನ್ಯಾಯವನ್ನು ನಡೆಸಿತು. ಸೇವಾಲಾಲ ಮತ್ತು ಮರಿಯಮ್ಮರ ಗುಡಿಗಳು ತಾಂಡಾದ ಕೇಂದ್ರವಾದವು. ಕಾಡಂಚಿನ ತೆಳುಮಣ್ಣಿನಲ್ಲಿ ಜೋಳ, ತೊಗರಿ. ಕಾಡಿನಿಂದ ಸೌದೆ, ಸೀತಾಫಲ. ಉಳಿದ ತಿಂಗಳುಗಳಲ್ಲಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ. ಇದು ಇಲ್ಲಿನ ವರ್ಷಚಕ್ರ.

ನೆಲ ಬದಲಾಗದಿದ್ದರೂ ಅದರ ಕಾನೂನಿನ ಹೆಸರು ಬದಲಾಗುತ್ತ ಬಂದಿತು. 1355 ಫಸಲಿಯ, ಅಂದರೆ 1945ರ, ಹೈದರಾಬಾದ್ ಅರಣ್ಯ ಕಾಯ್ದೆ, ಭಾಷಾವಾರು ಪುನರ್ವಿಂಗಡಣೆಯ ಅನಂತರ 1963ರ ಕರ್ನಾಟಕ ಅರಣ್ಯ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಒಂದರ ಮೇಲೊಂದು ಬಂದವು. 2011ರಲ್ಲಿ 134.88 ಚದರ ಕಿಲೋಮೀಟರ್ ಪ್ರದೇಶವನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಒಣಕಾಡಿನ ಜೀವವೈವಿಧ್ಯಕ್ಕೆ ಈ ರಕ್ಷಣೆ ಅಗತ್ಯವಾಗಿತ್ತೆಂಬುದು ನಿರ್ವಿವಾದ. ಆದರೆ ಗಡಿಯೊಳಗೆ ಉಳಿದ ತಾಂಡಾಗಳ ಪಾಲಿಗೆ ಅಜ್ಜನ ಹೊಲ ಇಲಾಖೆಯ ಕಡತದಲ್ಲಿ ಒತ್ತುವರಿಯಾಗಬಹುದಾದ ಸ್ಥಿತಿ ಇದರಿಂದ ಗಟ್ಟಿಯಾಯಿತು.

2006ರ ಅರಣ್ಯ ಹಕ್ಕು ಮಾನ್ಯತೆ ಕಾಯ್ದೆ ಇದಕ್ಕೆ ಪರಿಹಾರವಾಗಬೇಕಿತ್ತು. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ, ವಾಸ್ತವ್ಯವನ್ನೂ ರುಜುವಾತುಪಡಿಸಬೇಕು. ಇಲ್ಲಿ ಗಡಿಯ ಪ್ರಶ್ನೆ ನಿರ್ಣಾಯಕವಾಗುತ್ತದೆ. 1976ರ ತಿದ್ದುಪಡಿ ಕಾಯ್ದೆ ಜಾತಿ-ಪಂಗಡಗಳ ಪಟ್ಟಿಗಳಲ್ಲಿದ್ದ ಪ್ರಾದೇಶಿಕ ನಿರ್ಬಂಧಗಳನ್ನು ತೆಗೆದುಹಾಕಿದಾಗ ಹೈದರಾಬಾದ್ ಕರ್ನಾಟಕದ ಲಂಬಾಣಿಗಳು ಪರಿಶಿಷ್ಟ ಜಾತಿಯಾದರು. ತೆಲಂಗಾಣ ಭಾಗದ ಲಂಬಾಡಿಗಳು ಪರಿಶಿಷ್ಟ ಪಂಗಡವಾದರು. ಒಂದೇ ಮಾತು, ಒಂದೇ ಗೋತ್ರ, ಪರಸ್ಪರ ಕೊಟ್ಟು ತಂದುಕೊಳ್ಳುವ ಸಂಬಂಧ. ಆದರೂ ಗಡಿಯಾಚೆಯ ಅಳಿಯನಿಗಿಲ್ಲದ 75 ವರ್ಷಗಳ ಹೊರೆ ಈಚೆಯ ಮಾವನ ಮೇಲಿದೆ.

ಆ ಲೆಕ್ಕ 1930ಕ್ಕೆ ಹೋಗಿ ಮುಟ್ಟುತ್ತದೆ. ಅದು ನಿಜಾಮರ ಕಾಲ. ಆಡಳಿತದ ಭಾಷೆ ಉರ್ದು, ಕಾಲಗಣನೆ ಫಸಲಿ. ಗೋರಬೋಲಿಗೆ ಸ್ವಂತ ಲಿಪಿಯಿಲ್ಲ. ಬರಹದ ಲೋಕದ ಹೊರಗಿದ್ದ ಸಮುದಾಯದಿಂದ ಆ ಕಾಲದ ಬರಹವನ್ನು ಬೇಡುವುದು ಫಲಕಾರಿಯಾಗದೆಂಬುದನ್ನು ನಿಯಮ ರೂಪಿಸಿದವರು ಬಲ್ಲವರಾಗಿದ್ದರು. 2008ರ ನಿಯಮಗಳ 13ನೆಯ ನಿಯಮವು ಸರಕಾರಿ ದಾಖಲೆಗಳೊಂದಿಗೆ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳನ್ನೂ ಹೊಲದ ಒಡ್ಡು, ಸಮತಟ್ಟು ಮಾಡಿದ ನೆಲದಂಥ ಗುರುತುಗಳನ್ನೂ ವಂಶಾವಳಿಯನ್ನೂ ಹಕ್ಕುದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯನ್ನೂ ಪುರಾವೆಯಾಗಿ ಅಂಗೀಕರಿಸುತ್ತದೆ. ಒಂದಕ್ಕಿಂತ ಹೆಚ್ಚು ಪುರಾವೆಗಳನ್ನು ಪರಿಗಣಿಸಬೇಕೆಂದೂ ವಿಧಿಸುತ್ತದೆ.

ಈ ಪಟ್ಟಿ ಜಾನಪದ ಅಧ್ಯಯನದ ಕ್ಷೇತ್ರವೇ ಆಗಿದೆ. ಢಾಡಿ ಗಾಯಕರು ಹಾಡುವ ವಂಶಾವಳಿ, ತಾಂಡಾಕ್ಕೆ ಹೆಸರಿತ್ತ ನಾಯಕನ ಕಥನ, ಊರಾಚೆ ಸೀತಳಾ ಹಬ್ಬದಲ್ಲಿ ಏಳು ದೇವತೆಗಳನ್ನು ನಿಲ್ಲಿಸುವ ಜಾಗ, ಮೊದಲ ಬಾವಿ ತೋಡಿದವರ ನೆನಪು ಇವೆಲ್ಲ ವಾಸ್ತವ್ಯದ ದಾಖಲೆಗಳು. ಹಾಗೆಂದು ಅವನ್ನು ಯಥಾವತ್ತಾಗಿ ಒಪ್ಪುವಂತಿಲ್ಲ. ವಂಶಾವಳಿಗಳು ಪುರಾಣಪುರುಷರವರೆಗೆ ಚಾಚುತ್ತವೆ, ನಡುವಿನ ಹೆಸರುಗಳನ್ನು ಬಿಡುತ್ತವೆ. ಆದ್ದರಿಂದ ಹಾಡನ್ನು ಸ್ಥಳದೊಂದಿಗೆ, ಸ್ಥಳವನ್ನು ಉರ್ದು ಕಡತದೊಂದಿಗೆ ತಾಳೆನೋಡುವ ಶಿಸ್ತು ಅವಶ್ಯ. ಹಬ್ಬ, ಉಡುಗೆ, ಕಸೂತಿಗಳ ಸಂಗ್ರಹದಲ್ಲಿ ತೋರಿದ ಶ್ರದ್ಧೆ ಈ ಕೆಲಸಕ್ಕೂ ಸಲ್ಲಬೇಕಾಗಿದೆ.

ಇತ್ತೀಚಿನ ಬೆಳವಣಿಗೆಗಳಲ್ಲಿ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿಸುವ ಕಾರ್ಯ ಮುಖ್ಯವಾದುದು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಿಸಿದರು. ಬಹುಪಾಲು ತಾಂಡಾವಾಸಿಗಳೇ ಇದ್ದ ಈ ಹಕ್ಕುಪತ್ರಗಳ ಮಹತ್ತ್ವವನ್ನು ಕಡೆಗಣಿಸಲಾಗದು. ಆದರೆ ಅವು ಮನೆಯ ನೆಲಕ್ಕೆ ಸಂಬಂಧಿಸಿದವು. ಅರಣ್ಯದ ಹೊಲದ ಪ್ರಶ್ನೆ ಬೇರೆ ಕಾಯ್ದೆಯಡಿ ಇತ್ಯರ್ಥವಾಗಬೇಕಾದುದು. ಮನೆ ತನ್ನದಾಗಿ ಹೊಲ ತನ್ನದಾಗದಿದ್ದರೆ ಗುಳೆ ನಿಲ್ಲುವುದಿಲ್ಲ.

ಅರಣ್ಯ ಹಕ್ಕು ದೊರೆತರೂ ಅದು ಬಯಲಿನ ಪಟ್ಟಾದಂತಲ್ಲ. ಗರಿಷ್ಠ 4 ಹೆಕ್ಟೇರ್, ದಂಪತಿಗಳ ಜಂಟಿ ಹೆಸರು, ವಾರಸುದಾರರಿಗೆ ಸಲ್ಲುತ್ತದೆ, ಪರಭಾರೆಗೆ ಅವಕಾಶವಿಲ್ಲ. ಮಾರುಕಟ್ಟೆಯ ದೃಷ್ಟಿಯಲ್ಲಿ ಇದು ಬೆಲೆಯಿಲ್ಲದ ಆಸ್ತಿ. ಕೃಷಿಕನ ದೃಷ್ಟಿಯಲ್ಲಿ ಇದರ ಬೆಲೆ ಒಕ್ಕಲೆಬ್ಬಿಸುವ ಭಯದಿಂದ ಮುಕ್ತಿ. 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರ ತೆರವಿಗೆ ಆದೇಶಿಸಿದ ಸರ್ವೋಚ್ಚ ನ್ಯಾಯಾಲಯ ಅದೇ 28ರಂದು ಅದನ್ನು ತಡೆಹಿಡಿಯಿತು. ಆ ಹದಿನೈದು ದಿನಗಳು ತಿರಸ್ಕಾರದ ಒಂದು ಮುದ್ರೆ ಏನನ್ನು ತರಬಲ್ಲುದೆಂಬುದನ್ನು ದೇಶಕ್ಕೆ ತೋರಿಸಿದವು.

1930ರ ದಶಕವನ್ನು ಕಣ್ಣಾರೆ ಕಂಡವರಿಗೆ ಈಗ ತೊಂಬತ್ತು ದಾಟಿರುತ್ತದೆ. ನಿಯಮ ಕೇಳುವ ಹಿರಿಯರ ಹೇಳಿಕೆಯನ್ನು ಕೊಡಬಲ್ಲ ತಲೆಮಾರು ಅಳಿಯುತ್ತಿದೆ. ಅವರ ಮಕ್ಕಳು ನಗರಗಳ ಕಟ್ಟಡ ಕೆಲಸದಲ್ಲಿದ್ದಾರೆ. ಚಿಂಚೋಳಿಯ ತಾಂಡಾಗಳಲ್ಲಿ ಗುಡಿ, ಬಾವಿ, ಸ್ಮಶಾನ, ಒಡ್ಡುಗಳನ್ನು ನಕ್ಷೆಗಿಳಿಸಿ, ಹಿರಿಯರ ಮಾತನ್ನು ಗ್ರಾಮಸಭೆಯ ಎದುರು ಬರೆಸಿಡುವ ಕಾರ್ಯ ವಿಳಂಬವಿಲ್ಲದೆ ಆಗಬೇಕಾಗಿದೆ. ಅದು ಜಾನಪದ ಸಂಗ್ರಹವೂ ಹೌದು, ಮುಂದಿನ ತಲೆಮಾರಿನ ಹೊಲದ ಕಾಗದವೂ ಹೌದು.